ಕಾಕಾನ ವಿಮಾನಕ್ಕೆ ಸಿಗದ ಎಂಜಿನ್

ನಮ್ಮ ಕಾಕಾ ಒಂದು ವಿಮಾನವನ್ನು ಮದುವೆಯಾಗಿದ್ದಾನೆ ಎಂದರೆ ನೀವು ನಂಬಲಿಕ್ಕಿಲ್ಲ. ಅವನ ಹೆಂಡತಿ, ನಮ್ಮ ಕಾಕೂ, ನಂಬಿದ್ದಳು; ಸಾಯುವವರೆಗೂ ಆ ಸವತಿಯನ್ನು ಬೈಯುತ್ತಲೇ ಇದ್ದಳು. ಕಾಕಾ ವಾಯುಸೇನೆಯಲ್ಲಿ ಎಂಜಿನ್ ಮೆಕ್ಯಾನಿಕ್ ಆಗಿದ್ದ. ನಮ್ಮ ದೇಶದಲ್ಲೇ ಮೊದಲು ತಯಾರಾದ ಜೆಟ್ ಯುದ್ಧವಿಮಾನ ಅವನ ಕೈಯಲ್ಲಿತ್ತು. ಅದು ಹಾರುವುದನ್ನು ನಿಲ್ಲಿಸಿ ದಶಕಗಳಾದವು. ಬೆಟಗೇರಿಗೆ ಬಂದು ಕೂತ ಕಾಕಾನ ತಲೆಯೊಳಗೆ ಮಾತ್ರ ಅದಕ್ಕೆ ನಿವೃತ್ತಿ ಸಿಕ್ಕಿರಲಿಲ್ಲ.

"ಗಾಳಿ ಸೀಳಾಕ ಅಂತ ನಡಾ ಸಣ್ಣ ಮಾಡಿದ್ರು, ರೆಕ್ಕಿ ಹಿಂದಕ ಬಾಗಿಸಿದ್ರು. ಶಬ್ದದ ಎರಡಪಟ್ಟು ಜೋರ ಹೋಗೂ ಮೈ ಅದು. ಆದ್ರ ತಕ್ಕ ಎಂಜಿನ್ ಕಡೀತನಕಾ ಸಿಗಲಿಲ್ಲ. ಸಣ್ಣವು ಎರಡು ಹಾಕಿ ಹಾರಿಸಿದ್ವಿ."

ಇದನ್ನು ಕೇಳದ ಕಿವಿ ನಮ್ಮ ಓಣಿಯಲ್ಲಿ ಉಳಿದಿದೆಯೇ? ಕರೆಂಟ್ ಮೀಟರ್ ನೋಡಲು ಬಂದವನು ಕೇಳಿ, ಮೀಟರ್ ನೋಡದೆ ಹೋಗಿದ್ದಾನೆ.

ನನಗೆ ಹೆಣ್ಣು ನೋಡಲು ಲಕ್ಷ್ಮೇಶ್ವರಕ್ಕೆ ಹೋದಾಗ ಹಿರಿಯನೆಂದು ಅವನನ್ನೇ ಮುಂದೆ ಕೂರಿಸಿದೆವು. ಹುಡುಗಿಯ ತಂದೆ ಅವಲಕ್ಕಿ ತಟ್ಟೆ ಕೊಡುತ್ತ, "ಹುಡುಗ ಹೆಂಗ್ರಿ?" ಎಂದರು. ಕಾಕಾ ನನ್ನನ್ನು ಮೇಲಿಂದ ಕೆಳಗೆ ನೋಡಿದ. "ಬಾಡಿ ಛಲೋ ಐತ್ರಿ. ಎಂಜಿನ್ ಸ್ವಲ್ಪ ಸಣ್ಣದು." ಅವಲಕ್ಕಿಗಿಂತ ಮೊದಲೇ ಸಂಬಂಧ ಮುಗಿಯಿತು. ನನ್ನ ಈಗಿನ ಹೆಂಡತಿಯನ್ನು ನೋಡಲು ನಾನು ಅವನಿಗೆ ಹೇಳದೆ ಹೋದೆ.

ಮುಂಡರಗಿ ದಾರಿಯಲ್ಲಿ ಗುಡ್ಡದ ಮೇಲಿನ ಗಾಳಿಯಂತ್ರಗಳನ್ನು ಕಂಡರೆ ಅವನಿಗೆ ಸಿಟ್ಟು. ಒಮ್ಮೆ ಬಸ್ಸಿನಲ್ಲಿ ಎದ್ದುನಿಂತು, "ಇಷ್ಟುದ್ದ ರೆಕ್ಕಿ ಇಟ್ಕೊಂಡು ನಿಂತಲ್ಲೇ ತಿರಗತಾವಲ್ಲ, ನಾಚಿಕಿ ಬ್ಯಾಡ?" ಎಂದು ಕೂಗಿದ. "ನೀವರೆ ಕುಂಡ್ರಿ ಅಜ್ಜಾರ" ಎಂದ ಕಂಡಕ್ಟರ್.

ಹೋದ ವರ್ಷ ಶಿರಹಟ್ಟಿಯ ಶಾಲೆಯೊಂದರವರು ಭಾಷಣಕ್ಕೆ ಕರೆದರು. ಜೀವಮಾನವೆಲ್ಲ ಕಾದಿದ್ದ ಸಭೆ. ಕೋಟಿಗೆ ಇಸ್ತ್ರಿ ಹಾಕಿಸಿದ, ಹಲಗೆಯ ತುಂಬ ವಿಮಾನ ಬರೆದ. ಮಕ್ಕಳು ಬಾಯಿ ತೆರೆದು ಕೇಳಿದರು. ಕೊನೆಗೆ ಎರಡು ಜಡೆಯ ಹುಡುಗಿಯೊಬ್ಬಳು ಎದ್ದಳು.

"ಅಷ್ಟು ಜೋರ ಹೋತೇನ್ರಿ ಅದು?"

"ಇಲ್ಲವಾ."

"ಹಂಗಾರ ಸೋತಂಗ ಆತಲ್ರಿ?"

ಕಾಕಾ ಬಟ್ಟೆ ತೆಗೆದುಕೊಂಡು ತಾನೇ ಆ ಚಿತ್ರವನ್ನು ಒರೆಸಿದ.

ಅಂದಿನಿಂದ ವಿಮಾನದ ಮಾತು ನಿಂತಿತು. ಊಟವೂ ಅರ್ಧಕ್ಕಿಳಿಯಿತು. ಅವನ ಬಾಯಿ ಮುಚ್ಚಲಿ ಎಂದು ಎಷ್ಟು ವರ್ಷ ಬೇಡಿಕೊಂಡಿದ್ದೆ! ಈಗ ಆ ಮೌನದಲ್ಲಿ ಮನೆಯೊಳಗೆ ಕೂರಲಾಗಲಿಲ್ಲ. ಒಂದು ಸಂಜೆ ನಾನೇ ಕೆಣಕಿದೆ.

"ಎಂಜಿನ್ ಸಣ್ಣದಿತ್ತು ಕಾಕಾ. ಅದಕ್ಕ ನೀ ಏನ್ ಮಾಡ್ತಿ?"

ಕಾಕಾ ಕೊನೆಗೂ ಬಾಯಿಬಿಟ್ಟ. "ಒಂದಿನ ನಾ ಎಂಜಿನ್ ನೋಡಿ, ಎಲ್ಲಾ ಸರಿ ಐತಿ ಅಂತ ಸಹಿ ಮಾಡಿ ಬಿಟ್ಟ ವಿಮಾನ ತಿರಗಿ ಬರಲಿಲ್ಲೋ ತಮ್ಮಾ. ಹಾರಿಸಿದಾವ ಸಣ್ಣ ಹುಡುಗ. ವಿಮಾನ ಹತ್ತೂ ಮುಂದ ನನ್ನ ಹೆಗಲ ತಟ್ಟಿ ಹೋಗಿದ್ದ. ತನಿಖಿ ಆತು, ಕಾರಣ ಸಿಗಲಿಲ್ಲ. ಎಂಜಿನ್ನೇ ಸಣ್ಣದು ಅಂದ್ರ ನನ್ನ ಕೈ ತಪ್ಪಿಲ್ಲ ಅಂತ ಆಕ್ಕೈತಿ. ಅದಕ್ಕ ಎಲ್ಲಾರಿಗೂ ಹೇಳ್ಕೋತ ಬಂದೆ. ಖರೆ ಏನಂತ ನನಗ ಇನ್ನೂ ಗೊತ್ತಿಲ್ಲ."

ನನಗೂ ಗೊತ್ತಿರಲಿಲ್ಲ. ಒಳಗೆ ಹೋಗಿ ನನ್ನ ಆರು ತಿಂಗಳ ಮಗಳನ್ನು ಎತ್ತಿ ತಂದೆ. ಹುಟ್ಟಿದಾಗಿನಿಂದ ಅವನು ಅವಳನ್ನು ಒಮ್ಮೆಯೂ ಎತ್ತಿಕೊಂಡಿಲ್ಲವೆಂದು ಆಗಷ್ಟೇ ಹೊಳೆದಿತ್ತು.

"ಬ್ಯಾಡೋ, ನನ್ನ ಕೈಯಾಗ ಕೊಡಬ್ಯಾಡ" ಎಂದು ಹಿಂದೆ ಸರಿದ.

ಕೂಸನ್ನು ಅವನ ಎರಡೂ ಅಂಗೈಗಳ ಮೇಲಿಟ್ಟು ನಾನು ಕೈ ತೆಗೆದೆ. ಅವನು ಉಸಿರು ಬಿಗಿಹಿಡಿದು ನಿಂತ. ಕೂಸು ಅವನ ಹೆಬ್ಬೆರಳು ಹಿಡಿದು ಆಕಳಿಸಿತು.