ಮೂರು ಪುಸ್ತಕದ ಗಾಡಿ

“ಸೀರಿ ನನ್ನ ಕೈಯಾಗ ಕೊಡ್ರಿ, ಬಸ್ಸಿನ್ಯಾಗ ಒಯ್ತೇನಿ,” ಎಂದು ಶಿವಲಿಂಗವ್ವ ಹೇಳಿದ್ದಳು. ಇಳಕಲ್ಲಿನ ಅಂದಪ್ಪ ಹೆಂಡತಿಯ ಮಾತು ಕೇಳಿದ್ದರೆ ಈ ಕತೆಯೇ ಹುಟ್ಟುತ್ತಿರಲಿಲ್ಲ.

“ನನ್ನ ಗಾಡಿ ಇರೂತನಕ ಸೋದರಮಾವನ ಸೀರಿ ಬಸ್ ಹತ್ತಂಗಿಲ್ಲ!”

ಗಾಡಿಯೂ ಅಂಥದ್ದೇ. ಬುಲೆಟ್ ಮೋಟಾರ್‌ಸೈಕಲ್ಲಿನ ಪೆಟ್ರೋಲ್ ಟಾಕಿ, ರಾಜದೂತಿನ ಇಂಜಿನ್ನು, ಯಜ್ಡಿಯ ಗಾಲಿ; ಗುಜರಿಯಲ್ಲಿ ಆರಿಸಿ ತಂದು ತಾನೇ ಜೋಡಿಸಿದ್ದ. ಮೂರು ಕುಲದವರಿಂದ ಒಂದೇ ಸಂಸಾರ ಮಾಡಿಸಿದ ಪುಣ್ಯಾತ್ಮ. ಟಾಕಿಗೆ ಮಾತ್ರ ಮುಚ್ಚಳ ಸಿಗದೆ ತುಪ್ಪದ ಡಬ್ಬಿಯ ಮುಚ್ಚಳವನ್ನು ಬಿಗಿಯಾಗಿ ಕೂಡಿಸಿದ್ದ.

ಕೆರೂರಿನಲ್ಲಿ ಅಕ್ಕನ ಮಗಳ ಮದುವೆ. ಸೋದರಮಾವನ ಸೀರೆ ಉಟ್ಟ ಮೇಲೆಯೇ ಅವಳ ತಲೆಗೆ ಅಕ್ಷತೆಯ ಅಕ್ಕಿಕಾಳು. ಹೆಂಡತಿಗೆ ಬಸ್ಸಿಗೆ ಬಾ ಎಂದು ಹೇಳಿ, ಸೀರೆಯನ್ನು ಬಿಳಿ ಅರಿವೆಯಲ್ಲಿ ಗಂಟು ಕಟ್ಟಿಕೊಂಡು ಹೊರಟರೆ, ಗಾಡಿ ಅಮೀನಗಡದ ಬಸ್ ನಿಲ್ದಾಣದ ಮುಂದೆ ಕೆಮ್ಮಿ ಕೆಮ್ಮಿ ನಿಂತಿತು.

ಕರದಂಟಿನ ಅಂಗಡಿಯ ಬಸಲಿಂಗವ್ವ ಕೆರೂರಿನ ಮದುವೆಯ ಸೀರೆಯೆಂದು ಕೇಳಿ ಗಂಟನ್ನು ಇಸಿದುಕೊಂಡು ತನ್ನ ಬೆಂಚಿನ ಮೇಲಿಟ್ಟಳು. ಪಕ್ಕದ ಗ್ಯಾರೇಜಿನ ಖಾಸಿಂಸಾಬ ಗಾಡಿಯ ಮುಂದೆ ಕೈಕಟ್ಟಿ ನಿಂತುಬಿಟ್ಟ.

“ಎಂಥಾ ಗಾಡಿ ಮಾಡೀರೆಪಾ! ಆದ್ರ ನಾ ಪುಸ್ತಕ ನೋಡದ ಕೈ ಹಚ್ಚಾಂವಲ್ಲ. ಇದಕ್ಕ ಯಾವ ಪುಸ್ತಕ ತೆಗೀಲಿ?”

ಮೂರೂ ಕಂಪನಿಯ ರಿಪೇರಿ ಪುಸ್ತಕಗಳು ಅವನಲ್ಲಿದ್ದವು. ಅವನ್ನೂ ಬಿಳಿ ಅರಿವೆಯಲ್ಲೇ ಗಂಟು ಕಟ್ಟಿಟ್ಟಿದ್ದ. ಚಹಾ ಕುಡಿಯುತ್ತಿದ್ದ ಮುದಕಪ್ಪ ಎದ್ದು ಬಂದ.

“ಟಾಕಿ ಮ್ಯಾಲ ಹೆಸರು ಬರದೈತಲ್ಲಲೇ! ಬುಲೆಟ್ಟಿನ ಪುಸ್ತಕ ತೆಗಿ.”

“ಜೀವ ಇರೂದು ಇಂಜಿನ್ನಿನ್ಯಾಗ,” ಎಂದ ಖಾಸಿಂಸಾಬ.

“ಓಡೂದು ಗಾಲಿ ಅಲ್ಲೇನು?” ಎಂದ ಬಸ್ಸಿಗೆ ಕಾಯುತ್ತಿದ್ದವನೊಬ್ಬ.

ಬುಲೆಟ್ಟಿನ ಪುಸ್ತಕ ಬಿಚ್ಚೆಂದ ಸ್ಕ್ರೂ ಗಾಡಿಯಲ್ಲಿರಲಿಲ್ಲ. ಗಾಡಿಯಲ್ಲಿದ್ದ ವೈರು ರಾಜದೂತಿನ ಪುಸ್ತಕದಲ್ಲಿರಲಿಲ್ಲ. ಯಜ್ಡಿಯ ಪುಸ್ತಕದ ಪ್ರಕಾರ ಗಾಡಿ ಆಗಲೇ ಓಡಬೇಕಾಗಿತ್ತು! ಬಿಸಿಲೇರಿತು. ಅಕ್ಕಿಕಾಳಿನ ಹೊತ್ತು ನೆನೆದು ಅಂದಪ್ಪನಿಗೆ ಅಳುವೇ ಬಂತು. ಖಾಸಿಂಸಾಬ ಸೋತು, ಪುಸ್ತಕಗಳನ್ನು ಮತ್ತೆ ಗಂಟು ಕಟ್ಟಿ ಬೆಂಚಿನ ಮೇಲಿಟ್ಟ.

ಪೆಟ್ರೋಲಾದರೂ ಇದೆಯೋ ಎಂದು ಅಂದಪ್ಪ ತುಪ್ಪದ ಮುಚ್ಚಳ ತೆಗೆದ. ಟಾಕಿ ಸುಸ್ ಎಂದು ಉಸಿರೆಳೆದುಕೊಂಡಿತು. ಕಿಕ್ ಹೊಡೆದರೆ ಗಾಡಿ ಗುಡುಗಿತು! ಗಾಳಿಯಾಡದೆ ಪೆಟ್ರೋಲು ಕೆಳಗಿಳಿದಿರಲಿಲ್ಲ, ಅಷ್ಟೇ.

“ಶಾಬ್ಬಾಸ್! ಯಾವ ಪುಸ್ತಕದಾಗೂ ಇಲ್ಲದ ವಿದ್ಯಾ ಇದು!” ಎಂದು ಖಾಸಿಂಸಾಬ ಬೆನ್ನು ತಟ್ಟಿದ. ಮೆಚ್ಚಬೇಕಾದ ತಲೆಯೇ, ಸುಳ್ಳಲ್ಲ. ಉಬ್ಬಿದ ಅಂದಪ್ಪ ಬೆಂಚಿನ ಮೇಲಿನ ಗಂಟನ್ನು ಹಿಂದೆ ಬಿಗಿದು, ಮುಚ್ಚಳ ಸಡಿಲ ಬಿಟ್ಟು ಗಾಡಿ ಹಾರಿಸಿದ.

ದಾರಿಯುದ್ದಕ್ಕೂ ಪೆಟ್ರೋಲು ತುಳುಕಿ ಅವನ ಹೊಸ ಧೋತರಕ್ಕೆ ಅಭಿಷೇಕವಾಯಿತು. ಕೆರೂರಿನ ಹಂದರದ ಮುಂದೆ ಬರುವಷ್ಟರಲ್ಲಿ ಟಾಕಿ ಬರಿದು. ಆದರೂ ಹೊತ್ತಿಗೆ ಸರಿಯಾಗಿ ಬಂದಿದ್ದ! ಬೀಗರು ಗಾಡಿಯ ಸುತ್ತ ನೆರೆದು ಬೆರಗಾದರು. ಅಂದಪ್ಪ ಮೀಸೆ ತಿರುವಿ ಗಂಟನ್ನು ಅಕ್ಕ ಸಾವಿತ್ರೆವ್ವನ ಕೈಗಿಟ್ಟ.

ಅವಳು ಬಿಚ್ಚಿದಳು. ಒಳಗೆ ಮೂರು ಪುಸ್ತಕ.

“ಇವನ್ನ ನನ್ನ ಮಗಳು ಹ್ಯಾಂಗ ಉಡಬೇಕೋ ತಮ್ಮಾ?”

ಅಂದಪ್ಪ ಗಾಡಿಯತ್ತ ಓಡಿದ, ಹನಿ ಪೆಟ್ರೋಲಿಲ್ಲ. ಅಷ್ಟರಲ್ಲಿ ಬಸ್ಸು ಬಂತು. ಶಿವಲಿಂಗವ್ವ ಬಗಲಲ್ಲಿ ಬಿಳಿ ಗಂಟು ಇಟ್ಟುಕೊಂಡು ಇಳಿದಳು.

“ಕೆರೂರ ಮದುವಿಗಿ ಯಾರು ಹೊಂಟೀರಿ ಅಂತ ಅಮೀನಗಡದಾಗ ಒಬ್ಬಾಕಿ ಒದರಾಕತ್ತಿದ್ದಳು,” ಎಂದಳು. ಗಂಡನ ಮುಖ ಮಾತ್ರ ನೋಡಲಿಲ್ಲ.

ಅಕ್ಕಿಕಾಳು ಬಿದ್ದವು. ಊರಲ್ಲಿ ಅಂದು ಪೆಟ್ರೋಲು ಸಿಗದೆ, ಸಂಜೆ ಗಾಡಿಯೂ ಬಸ್ಸಿನ ನೆತ್ತಿಯೇರಿತು. ಕಂಡಕ್ಟರು ಅದನ್ನು ಕಣ್ತುಂಬ ನೋಡಿದ.

“ಭಾಳ ಚಂದ ಗಾಡಿರಿ! ತಿಕೀಟಿನ್ಯಾಗ ಏನಂತ ಬರೀಲಿ? ಬುಲೆಟ್ಟೋ, ರಾಜದೂತೋ, ಯಜ್ಡಿಯೋ?”

ಅಂದಪ್ಪ ಎದೆಯುಬ್ಬಿಸಿ ಬಾಯಿ ತೆರೆಯುವಷ್ಟರಲ್ಲಿ ಶಿವಲಿಂಗವ್ವ ಹೇಳಿದಳು:

“ಲಗೇಜ ಅಂತ ಬರೀರಿ, ಸಾಕು.”