ಮಡಿಯ ಮೋಟಾರ್ ಸೈಕಲ್ಲು

ಕೊಳೆಯಾದ ಗಾಡಿಯ ಮೇಲೆ ಬೆರಳಿನಿಂದ ಹೆಸರು ಬರೆಯುವವರನ್ನು ನಾನು ಇವತ್ತಿಗೂ ಕ್ಷಮಿಸಿಲ್ಲ. ಅವರಿಗಿಂತ ಆ ಗಾಡಿಯ ಯಜಮಾನನ ತಪ್ಪೇ ದೊಡ್ಡದು ಎನ್ನುವುದೂ ನನಗೆ ಗೊತ್ತು. ಹೆಸರು ಬರೆಯುವಷ್ಟು ಧೂಳು ಕೂರುವ ತನಕ ಆ ಮನುಷ್ಯ ಏನು ಮಾಡುತ್ತಿದ್ದ? ಕೆಲವರಿಗೆ ಹಾಡು ಕೇಳಿದರೆ ನೆಮ್ಮದಿ, ಕೆಲವರಿಗೆ ಊಟದ ಮೇಲೆ ಎಲೆ ಅಡಿಕೆ ಹಾಕಿಕೊಂಡರೆ ನೆಮ್ಮದಿ. ನನಗೆ ಕೈಯಲ್ಲೊಂದು ಮೆತ್ತನೆಯ ಬಟ್ಟೆ, ಎದುರಿಗೊಂದು ಮೋಟಾರ್ ಸೈಕಲ್ಲು ಇದ್ದರೆ ಸಾಕು. ಓಡಿಸುವುದು ಆಮೇಲಿನ ಮಾತು. ನಿಜ ಹೇಳಬೇಕೆಂದರೆ ಓಡಿಸುವುದು ನನಗೆ ಸ್ವಲ್ಪ ಸಂಕಟದ ವಿಷಯವೇ, ಏಕೆಂದರೆ ಓಡಿಸಿದರೆ ಗಾಡಿ ಕೊಳೆಯಾಗುತ್ತದೆ.

ನಾನು ಹೇಳುತ್ತಿರುವುದು ಎಂಬತ್ತರ ದಶಕದ ಮಾತು. ಆಗ ನಾವಿದ್ದದ್ದು ಬಾಗಲಗುಂಟೆಯಲ್ಲಿ. ನಾನು ಒಂದು ಸರ್ಕಾರಿ ಕಾರ್ಖಾನೆಯ ಸ್ಟೋರ್ಸ್ ವಿಭಾಗದಲ್ಲಿ ಅಸಿಸ್ಟೆಂಟು. ಮನೆಯ ಮುಂದಿನ ರಸ್ತೆಗೆ ಡಾಂಬರು ಬರುತ್ತದೆ ಎಂದು ಎಲ್ಲರೂ ಹೇಳುತ್ತಿದ್ದರು, ಡಾಂಬರು ಮಾತ್ರ ಬಂದಿರಲಿಲ್ಲ. ಬೇಸಿಗೆಯಲ್ಲಿ ಕೆಂಪು ಧೂಳು, ಮಳೆಗಾಲದಲ್ಲಿ ಅದೇ ಧೂಳು ಕೆಸರಾಗಿ ಮಡ್‌ಗಾರ್ಡಿನ ಒಳಗೆ ಹತ್ತಿ ಕೂರುತ್ತಿತ್ತು. ಇಂಥ ಊರಿನಲ್ಲಿ ಗಾಡಿಯನ್ನು ಫಳಫಳ ಹೊಳೆಯುವಂತೆ ಇಟ್ಟುಕೊಳ್ಳುತ್ತೇನೆಂದು ಹೊರಟವನಿಗೆ ಭಾನುವಾರಗಳು ಸಾಲುತ್ತಿರಲಿಲ್ಲ. ಟ್ಯಾಂಕಿಗೆ ಹಳದಿ ಫ್ಲಾನೆಲ್ ಬಟ್ಟೆ, ಇಂಜಿನ್ನಿನ ರೆಕ್ಕೆಗಳ ಸಂದಿಗೆ ಹಳೆಯ ಹಲ್ಲುಜ್ಜುವ ಬ್ರಷ್ಷು, ಸರಪಳಿಗೆ ವೇಸ್ಟ್, ಅಂದರೆ ಯಂತ್ರ ಒರೆಸಲು ಬಳಸುವ ಹತ್ತಿ ನೂಲಿನ ಉಂಡೆ. ಇದಿಷ್ಟು ನನ್ನ ಸ್ವಂತದ್ದು. ಹ್ಯಾಂಡಲ್ಲಿನ ತುಕ್ಕಿಗೆ ಹುಣಿಸೆಹಣ್ಣು, ಸೀಟಿಗೆ ಕೊಬ್ಬರಿ ಎಣ್ಣೆ, ಸೈಲೆನ್ಸರ್ ಉಜ್ಜಲು ವಿಭೂತಿ, ಇವೆಲ್ಲ ಮನೆಯೊಳಗಿಂದ ಹೇಳದೆ ಕೇಳದೆ ಬರುತ್ತಿದ್ದವು. ನಮ್ಮ ಬಾಡಿಗೆ ಮನೆಯ ಯಜಮಾನ ಮುನಿಯಪ್ಪ ಅದೇ ಊರಿನವನು, ಎಮ್ಮೆ ಕಟ್ಟಿಕೊಂಡಿದ್ದ. ಬೀಡಿ ಹಚ್ಚಿಕೊಂಡು ನನ್ನ ಕೆಲಸ ನೋಡುತ್ತಾ ನಿಲ್ಲುವುದು ಅವನಿಗೆ ಭಾನುವಾರದ ಕಾಲಕ್ಷೇಪ. "ಎಮ್ಮೆ ಮೈನೂ ನಾನು ಇಂಗೆ ತಿಕ್ಕಾಕಿಲ್ಲ ಸೋಮಿ. ತಿಕ್ಕಿದ್ರೆ ಅದು ಹಾಲಾದ್ರೂ ಕೊಡ್ತದೆ," ಎನ್ನುತ್ತಿದ್ದ.

ಈ ಪ್ರಪಂಚದಲ್ಲಿ ನನ್ನನ್ನು ಅರ್ಥ ಮಾಡಿಕೊಂಡಿದ್ದವರು ನಮ್ಮ ದೊಡ್ಡಮ್ಮ ಒಬ್ಬರೇ. ಅವರು ನನ್ನ ತಾಯಿಯ ಅಕ್ಕ, ನಮ್ಮ ಜೊತೆಯಲ್ಲೇ ಇದ್ದರು. ಬಹಳ ಮಡಿ. ಬೆಳಗ್ಗೆ ಸ್ನಾನ ಮಾಡಿ ಒದ್ದೆ ಸೀರೆ ಉಟ್ಟು ಅಡುಗೆಮನೆ ಹೊಕ್ಕರೆಂದರೆ ಯಾರೂ ಅವರನ್ನು ಮುಟ್ಟುವ ಹಾಗಿಲ್ಲ, ಅವರ ಸೀರೆ ಒಣಗಿಹಾಕಿದ ಬಿದಿರಿನ ಗಳುವನ್ನೂ ಮುಟ್ಟುವ ಹಾಗಿಲ್ಲ. ನಾನು ಒರೆಸಿ ನಿಲ್ಲಿಸಿದ ಗಾಡಿಯದೂ ಅದೇ ಕಥೆ. ಬೀದಿಯ ಮಕ್ಕಳು ಹತ್ತಿರ ಬಂದರೆ ನಾನು ಹೊರಗಿನಿಂದ "ಮುಟ್ಟಬೇಡ್ರೋ" ಎನ್ನುತ್ತಿದ್ದೆ, ಅದೇ ಹೊತ್ತಿಗೆ ಒಳಗಿನಿಂದ ದೊಡ್ಡಮ್ಮನೂ "ಮುಟ್ಟಬೇಡಿ" ಎನ್ನುತ್ತಿದ್ದರು. ಯಾರು ಯಾವುದಕ್ಕೆ ಹೇಳಿದ್ದು ಎಂದು ತಿಳಿಯದೆ ನನ್ನ ಹೆಂಡತಿ ಸರೋಜ ಎರಡು ಕೈಯನ್ನೂ ಎತ್ತಿಕೊಂಡು ನಡುಮನೆಯಲ್ಲಿ ನಿಂತುಬಿಡುತ್ತಿದ್ದಳು. "ಅವನ ಗಾಡಿ ಮಡೀಲಿದೆ ಕಣೇ, ಬಿಡು," ಎಂದು ದೊಡ್ಡಮ್ಮ ನನ್ನ ಪರವಾಗಿ ಹೇಳುತ್ತಿದ್ದರು. ಅವರಿಗೆ ಗಾಡಿಯ ಬಗ್ಗೆ ಬಹಳ ಕುತೂಹಲ. ಒಂದು ದಿನ "ಅದಕ್ಕೆ ಏನೋ ಹಾಕ್ತೀಯ?" ಎಂದು ಕೇಳಿದರು. "ಪೆಟ್ರೋಲು ದೊಡ್ಡಮ್ಮ. ಅದೇ ಅದರ ಊಟ. ಜೊತೇಲಿ ಸ್ವಲ್ಪ ಎಣ್ಣೆ ಬೆರೆಸ್ತೀನಿ, ಅನ್ನಕ್ಕೆ ತುಪ್ಪ ಹಾಕೋ ಹಾಗೆ," ಎಂದೆ. ಅವರು ಮೆಚ್ಚಿಕೊಂಡು ತಲೆಯಾಡಿಸಿದರು. ಚೆನ್ನಾಗಿ ವಿವರಿಸಿದೆನೆಂದು ನನಗೂ ಹೆಮ್ಮೆಯಾಯಿತು.

ಇನ್ನು ಸರೋಜಳ ವಿಷಯ. ಅವಳು ಪಾಲಿಟೆಕ್ನಿಕ್ಕಿನಲ್ಲಿ ಎಲೆಕ್ಟ್ರಾನಿಕ್ಸ್ ಡಿಪ್ಲೊಮಾ ಮಾಡಿದವಳು. ಮದುವೆಯಾದ ಮೇಲೆ ಆ ಡಿಪ್ಲೊಮಾ ಟ್ರಂಕಿನ ತಳದಲ್ಲಿ ಮದುವೆ ಸೀರೆಯ ಕೆಳಗೆ ಮಲಗಿತ್ತು. ಎರಡು ಕಡೆ ಇಂಟರ್‌ವ್ಯೂಗೆ ಹೋಗಿದ್ದಳು. ಒಂದು ಕಡೆ "ಮದುವೆ ಆಗಿದೆಯಲ್ಲಮ್ಮ" ಎಂದರು, ಇನ್ನೊಂದು ಕಡೆ ಏನೂ ಅನ್ನಲೇ ಇಲ್ಲ. ಎರಡನೆಯ ಸಲ ಮನೆಗೆ ಬಂದವಳು ಕೈಕಾಲು ತೊಳೆದು ನೇರವಾಗಿ ಹುಳಿಗೆ ಒಗ್ಗರಣೆ ಹಾಕಿದ್ದು ನನಗೆ ಇನ್ನೂ ನೆನಪಿದೆ. ಆಮೇಲೆ ಪೀಣ್ಯದ ಆ ತುದಿಯಲ್ಲಿ ಹೊಸದಾಗಿ ಶುರುವಾದ ಮೀಟರ್ ತಯಾರಿಸುವ ಕಾರ್ಖಾನೆಯಿಂದ ಕರೆ ಬಂತು. "ಇದೊಂದು ನೋಡ್ತೀನಿ. ಆಗಲಿಲ್ಲ ಅಂದ್ರೆ ಇನ್ಮೇಲೆ ಎಲ್ಲೂ ಹೋಗಲ್ಲ," ಎಂದಳು. ಬೆಳಗ್ಗೆ ಒಂಬತ್ತಕ್ಕೆ ಗೇಟು ಹಾಕುತ್ತಾರೆ, ತಡವಾದರೆ ಒಳಗೆ ಬಿಡುವುದಿಲ್ಲ. ಬೇಗ ಬಸ್ಸು ಹತ್ತಿ, ಇಳಿದ ಮೇಲೆ ನಡೆದುಹೋಗುತ್ತೇನೆ ಎಂದವಳನ್ನು ನಾನೇ ತಡೆದೆ. "ಮನೇಲಿ ಇಂಥ ಗಾಡಿ ಇಟ್ಕೊಂಡು ಬಸ್ಸಾ?" ಎಂದೆ.

ಇಂಟರ್‌ವ್ಯೂನ ಹಿಂದಿನ ದಿನ ಸೂರ್ಯಗ್ರಹಣ. ಬೀದಿಯೆಲ್ಲ ಬೆಳಗ್ಗೆಯಿಂದಲೇ ಬಿಕೋ ಎನ್ನುತ್ತಿತ್ತು. ನಾನು ರಜ ಹಾಕಿ, ಗ್ರಹಣ ಹಿಡಿಯುವುದರೊಳಗೆ ಗಾಡಿಯನ್ನು ಮಾರನೆಯ ದಿನಕ್ಕೆ ಸಿದ್ಧ ಮಾಡಲು ಕೂತೆ. ಹೊರಗೆಲ್ಲ ಉಜ್ಜಿ ಮುಗಿದ ಮೇಲೆ ಒಳಗೂ ಕೈ ಹಾಕಿದೆ. ಟ್ಯಾಂಕಿನ ಕೆಳಗೆ ಪೆಟ್ರೋಲು ಬಿಡುವ ನಲ್ಲಿ ಇರುತ್ತದೆ, ಅದರ ಬಾಯಿಗೆ ಕಸ ತಡೆಯಲು ಒಂದು ಪುಟ್ಟ ಜಾಲರಿ. ಆ ಜಾಲರಿಯನ್ನು ಬ್ರಷ್ಷಿನಿಂದ ಎಷ್ಟು ಚೊಕ್ಕಟವಾಗಿ ಉಜ್ಜಿದೆನೆಂದರೆ ಅದು ಹರಿದೇಹೋಯಿತು. ಹೇಗೂ ಇಷ್ಟು ಶುದ್ಧವಾದ ಟ್ಯಾಂಕಿನಲ್ಲಿ ಕಸ ಎಲ್ಲಿಂದ ಬರಬೇಕು ಎಂದುಕೊಂಡು ಜಾಲರಿಯಿಲ್ಲದೆ ನಲ್ಲಿ ಕೂರಿಸಿದೆ. ಆಮೇಲೆ ಒಳಗೆ ಹೋಗಿ ಬಾಗಿಲು ಹಾಕಿಕೊಂಡು ಗ್ರಹಣ ಬಿಡುವ ತನಕ ನಿದ್ದೆ ಮಾಡಿದೆ. ದೊಡ್ಡಮ್ಮ ಗ್ರಹಣ ಹಿಡಿದಷ್ಟು ಹೊತ್ತೂ ಜಪ ಮಾಡುತ್ತಿದ್ದರಂತೆ.

ಮಾರನೆಯ ದಿನ ಸರೋಜ ಮಾವಿನ ಚಿಗುರಿನ ಬಣ್ಣದ ಸೀರೆ ಉಟ್ಟು ಹಿಂದೆ ಕೂತಳು. ಗಾಡಿ ಒಂದೇ ಒದೆತಕ್ಕೆ ಶುರುವಾಯಿತು. ದಾಸರಹಳ್ಳಿ ದಾಟಿ ಪೀಣ್ಯದ ಕಡೆ ತಿರುಗಿ, ನೀಲಗಿರಿ ಮರಗಳ ನಡುವೆ ಒಂದೊಂದೇ ಶೆಡ್ಡು ಎದ್ದು ನಿಂತಿದ್ದ ಜಾಗಕ್ಕೆ ಬರುವ ಹೊತ್ತಿಗೆ ಗಾಡಿ ಎರಡು ಸಲ ಕೆಮ್ಮಿ ನಿಂತುಬಿಟ್ಟಿತು. ಒದ್ದೆ. ಇನ್ನೂ ಒದ್ದೆ. ಬೆವರು ಬಂತು, ಗಾಡಿ ಬರಲಿಲ್ಲ. ಆ ರಸ್ತೆಯಲ್ಲಿ ಬಸ್ಸಿಲ್ಲ, ಆಟೋ ಎಂದರೇನೆಂದು ಆ ರಸ್ತೆಗೆ ಗೊತ್ತಿರಲಿಲ್ಲ. ನಡೆದು ಹೊರಟರೆ ಒಂಬತ್ತರೊಳಗೆ ಗೇಟು ಸಿಗುವ ಹಾಗಿಲ್ಲ. ನನಗೆ ನಿಜಕ್ಕೂ ಭಯವಾಯಿತು. ಭಯವಾದಾಗ ನನಗೆ ಗೊತ್ತಿರುವುದು ಒಂದೇ ಕೆಲಸ. ಪ್ಲಗ್ಗು ಬಿಚ್ಚಿ ಒರೆಸಿದೆ, ಅದರ ಟೋಪಿ ಒರೆಸಿದೆ, ಕೈ ಹೇಗೂ ಓಡುತ್ತಿತ್ತಲ್ಲ ಎಂದು ಹೆಡ್‌ಲೈಟನ್ನೂ ಒರೆಸಿದೆ.

"ರೀ," ಎಂದಳು ಸರೋಜ. "ಅದು ಕೊಳೆಯಾಗಿ ನಿಂತಿರೋದಲ್ಲ ಕಣ್ರೀ."

ನಾನು ಬಟ್ಟೆ ಹಿಡಿದುಕೊಂಡೇ ಅವಳ ಮುಖ ನೋಡಿದೆ.

"ಈ ಪೈಪ್ ನೋಡಿ. ಪೆಟ್ರೋಲೇ ಇಳೀತಾ ಇಲ್ಲ."

ಸೆರಗು ಸೊಂಟಕ್ಕೆ ಸಿಕ್ಕಿಸಿ ಅವಳು ಗಾಡಿಯ ಪಕ್ಕ ಕುಕ್ಕರಗಾಲಲ್ಲಿ ಕೂತಳು. ಮದುವೆಯಾದಾಗಿನಿಂದ ನನ್ನ ಅಪ್ಪಣೆಯಿಲ್ಲದೆ ಮುಟ್ಟದ ಗಾಡಿಯ ಪೈಪನ್ನು ಕಿತ್ತು, ಜಡೆಯಿಂದ ಹೇರ್‌ಪಿನ್ ತೆಗೆದು ನಲ್ಲಿಯ ಬಾಯಿಗೆ ಹಾಕಿ ಮೆಲ್ಲಗೆ ಎಳೆದಳು. ಹುಲ್ಲಿನ ಚೂರೊಂದು ಬಂತು. ಮತ್ತೆ ಎಳೆದಳು, ಇನ್ನೊಂದು ಬಂತು. ಮೂರನೆಯದರ ಹಿಂದೆಯೇ ಪೆಟ್ರೋಲು ಚಿಮ್ಮಿ ಅವಳ ಬಳೆಯೆಲ್ಲ ನೆನೆಯಿತು. ಆ ಚೂರನ್ನು ಬಿಸಿಲಿಗೆ ಹಿಡಿದು ನೋಡಿದಳು. "ಇದು ದರ್ಭೆ ಕಣ್ರೀ," ಎಂದಳು.

ಇಬ್ಬರಿಗೂ ಒಟ್ಟಿಗೆ ಹೊಳೆಯಿತು. ಗ್ರಹಣ ಹಿಡಿಯುವ ಮೊದಲು ದೊಡ್ಡಮ್ಮ ಉಪ್ಪಿನಕಾಯಿ ಜಾಡಿ, ಹಾಲು, ಮೊಸರು, ತುಪ್ಪ, ಕುಡಿಯುವ ನೀರಿನ ಕೊಳದಪ್ಪಲೆ, ಎಲ್ಲಕ್ಕೂ ದೋಷ ತಟ್ಟದಿರಲೆಂದು ದರ್ಭೆ ಹಾಕುತ್ತಾ ಬಂದಿದ್ದರು. ಹಾಗೇ ಬರುತ್ತಾ ಬರುತ್ತಾ ಹೊರಗೂ ಬಂದಿದ್ದಾರೆ. ಪೆಟ್ರೋಲು ಅದರ ಊಟ ಎಂದು ಹೇಳಿಕೊಟ್ಟವನು ನಾನೇ. ಸರೋಜ ಆ ಧೂಳಿನ ರಸ್ತೆಯಲ್ಲಿ ಕೂತು ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ಗೇಟು ಹಾಕಿಬಿಡುತ್ತಾರೆಂಬ ನನ್ನ ಭಯ ಕೂಡ ಆ ನಗುವಿನಲ್ಲಿ ಅರ್ಧ ಇಳಿಯಿತು. ಅವಳ ಎರಡು ಕೈಗೂ ಕಪ್ಪು ಮಸಿ ಮೆತ್ತಿತ್ತು. ಒರೆಸಿಕೊಳ್ಳಲು ಬಟ್ಟೆ ಕೇಳಿದಳು. ಹಳದಿ ಫ್ಲಾನೆಲ್ ಕೊಡುವುದೋ ವೇಸ್ಟ್ ಕೊಡುವುದೋ ಎಂದು ಆ ಗಳಿಗೆಯಲ್ಲೂ ನಾನು ಯೋಚಿಸಿದೆ, ನೋಡಿ. ಕೊನೆಗೆ ಅವಳು ದಾರಿಬದಿಯ ಹುಲ್ಲಿಗೆ ಕೈ ಒರೆಸಿಕೊಂಡು ಸೀಟು ಹತ್ತಿದಳು. ಅರ್ಧ ಹಾಕಿದ್ದ ಗೇಟಿನ ಸಂದಿಯಲ್ಲಿ ಅವಳ ಮಾವಿನ ಚಿಗುರಿನ ಸೀರೆ ನುಗ್ಗಿಹೋದದ್ದನ್ನು ನಾನು ಕಣ್ಣಾರೆ ಕಂಡೆ.

ಸಂಜೆ ನಾನು ದೊಡ್ಡಮ್ಮನನ್ನು ಕೇಳಿದೆ. ಅವರಿಗೆ ಇದರಲ್ಲಿ ಕೇಳುವಂಥದ್ದೇನಿದೆ ಎನ್ನುವುದೇ ಅರ್ಥವಾಗಲಿಲ್ಲ. "ಉಪ್ಪಿನಕಾಯಿಗೆ ಹಾಕಿ ಅದಕ್ಕೆ ಹಾಕದೆ ಇದ್ರೆ ಭೇದ ಮಾಡಿದ ಹಾಗಾಗಲ್ವೇನೋ? ಬೆಳಗಾದ್ರೆ ಸರೋಜನ್ನ ಹೊತ್ಕೊಂಡು ಹೋಗಬೇಕಾಗಿದ್ದ ಗಾಡಿ ಅದು. ಉದ್ದ ಇತ್ತು, ಅದಕ್ಕೇ ಸಣ್ಣಗೆ ಮುರಿದು ಹಾಕಿದೆ," ಎಂದರು. ಆಮೇಲೆ ಸ್ವಲ್ಪ ಅಳುಕಿನಿಂದ, "ಮುಟ್ಟಿದ್ದಕ್ಕೆ ಬೇಜಾರಾಯ್ತಾ? ಮಡೀಲೇ ಮುಟ್ಟಿದೆ ಕಣೋ," ಎಂದರು. ಆ ಗಾಡಿಯನ್ನು ನನ್ನ ಹಾಗೆ ಮನೆಯವರಲ್ಲಿ ಒಬ್ಬರೆಂದು ತಿಳಿದ ಇನ್ನೊಂದು ಜೀವ ಈ ಭೂಮಿಯ ಮೇಲೆ ಇದೆಯಲ್ಲ ಎನಿಸಿತು. ಬೈಯಬೇಕೆಂದು ಕಟ್ಟಿಕೊಂಡು ಬಂದ ಮಾತೆಲ್ಲ ಮರೆತು ಅವರ ಕಾಲಿಗೆ ನಮಸ್ಕಾರ ಮಾಡಿದೆ. ಮಡಿಯಲ್ಲಿದ್ದರು, ದೂರದಿಂದಲೇ ಮಾಡಿದೆ.

ಸರೋಜಳಿಗೆ ಆ ಕೆಲಸ ಸಿಕ್ಕಿತು. ಅಲ್ಲಿಯ ದೊಡ್ಡ ಸಾಹೇಬರು ಅವಳ ಸರ್ಟಿಫಿಕೇಟು ನೋಡುವುದಕ್ಕೆ ಮೊದಲು ಅವಳ ಕೈ ನೋಡಿ, ಇದೇನು ಮಸಿ ಎಂದು ಕೇಳಿದರಂತೆ. ಇವಳು ನಡೆದದ್ದನ್ನು ನಡೆದ ಹಾಗೆ ಹೇಳಿದಳಂತೆ. ರೇಷ್ಮೆ ಸೀರೆ ಉಟ್ಟು ಬೆರಳು ಬಚ್ಚಿಟ್ಟುಕೊಂಡು ಕೂತವರನ್ನೇ ನೋಡಿ ನೋಡಿ ಬೇಸತ್ತಿದ್ದ ಅವರು, ಅಲ್ಲೇ ಒಂದು ಕೆಟ್ಟ ಮೀಟರು ಕೊಟ್ಟು ಬಿಚ್ಚಿ ನೋಡಮ್ಮ ಎಂದರಂತೆ. ಅವಳು ಬಿಚ್ಚಿದಳು, ಏನು ಕೆಟ್ಟಿದೆ ಎಂದು ಹೇಳಿಯೂಬಿಟ್ಟಳು. ಆಮೇಲಿನ ನಮ್ಮ ಸಂಸಾರದ ಸುಖಕ್ಕೆಲ್ಲ ಆ ಬೆಳಗ್ಗೆಯೇ ತಳಹದಿ. ಅವಳ ಮುಖದ ಕಳೆ ಬದಲಾಯಿತು, ಮನೆಯಲ್ಲಿ ಅವಳ ಮಾತಿನ ದನಿ ಬದಲಾಯಿತು. ದೊಡ್ಡಮ್ಮನಿಗೂ ಆ ಗಾಡಿಗೂ ಆ ಸಾಹೇಬರಿಗೂ ನಾನು ಮನಸಾರೆ ಋಣಿ.

ಆ ವರ್ಷದ ಆಯುಧಪೂಜೆಗೆ ಅವಳ ಕಾರ್ಖಾನೆಯಲ್ಲಿ ಮನೆಯವರನ್ನೂ ಕರೆದಿದ್ದರು. ಇಸ್ತ್ರಿ ಮಾಡಿದ ಪ್ಯಾಂಟು ಹಾಕಿಕೊಂಡು, ಸ್ಟೋರ್ಸ್ ಅಸಿಸ್ಟೆಂಟಿಗೆ ತಕ್ಕ ಗಾಂಭೀರ್ಯದಲ್ಲಿ ಹೋದೆ. ಯಂತ್ರಗಳಿಗೆಲ್ಲ ಕುಂಕುಮ ಹಚ್ಚಿ ಬೂದುಗುಂಬಳ ಒಡೆದಾದ ಮೇಲೆ, ಸರೋಜ ನನ್ನನ್ನು ಸಾಹೇಬರಿಗೆ ಪರಿಚಯ ಮಾಡಿಸಿದಳು. ಅವರು ಬಹಳ ವಿಶ್ವಾಸದಿಂದ ನನ್ನ ಭುಜ ತಟ್ಟಿದರು.

"ಇಂಟರ್‌ವ್ಯೂನಲ್ಲೇ ನಿಮ್ಮ ವಿಷಯ ಕೇಳಿದ್ದೆ," ಎಂದರು. "ಯಜಮಾನ್ರು ಏನ್ ಮಾಡ್ತಾರಮ್ಮ ಅಂದ್ರೆ, ಗಾಡಿ ಒರೆಸ್ತಾರೆ ಸಾರ್ ಅಂದ್ರು. ನೋ ಹೆಸಿಟೇಷನ್. ಐ ವಾಸ್ ವೆರಿ ಇಂಪ್ರೆಸ್ಡ್. ಯಾವ ಕೆಲಸವಾದ್ರೂ ಮರ್ಯಾದೆ ಕೆಲಸವೇ ಅಲ್ವೇನಪ್ಪ. ಭಾನುವಾರ ಪುರುಸೊತ್ತಿದ್ರೆ ನಮ್ಮ ಕಾರೂ ಸ್ವಲ್ಪ ನೋಡ್ತೀರಾ?"

ಸರೋಜ ನನ್ನ ಕಡೆ ನೋಡಲೇ ಇಲ್ಲ, ಒಡೆದ ಬೂದುಗುಂಬಳವನ್ನು ಬಹಳ ಆಸಕ್ತಿಯಿಂದ ನೋಡುತ್ತಿದ್ದಳು. ನಾನು ಸ್ಟೋರ್ಸ್ ಅಸಿಸ್ಟೆಂಟ್ ಸಾರ್ ಎಂದು ಹೇಳಲು ಬಾಯಿ ತೆರೆದೆ. ಅಷ್ಟರಲ್ಲಿ ಸಾಹೇಬರು ಕೈ ತೋರಿಸಿದ ಕಡೆ ಅವರ ಕಾರು ಕಾಣಿಸಿತು. ಚೆಂಡುಹೂವಿನ ಹಾರದ ಕೆಳಗೆ, ಬಂಪರಿನ ಅಂಚಿನಲ್ಲಿ, ಎರಡು ಮಳೆಗಾಲದ ಕೆಸರು ಗಟ್ಟಿಯಾಗಿ ಕೂತಿತ್ತು. ತುಕ್ಕು ಆಗಲೇ ಶುರುವಾಗಿತ್ತು.

"ಎಷ್ಟೊತ್ತಿಗೆ ಬರಲಿ ಸಾರ್?" ಎಂದೆ.