ವಾಲಿದರೆ ಬಲ ಹಾಕಿರಿ

ಆ ಹಾಳೆಯಲ್ಲಿ ಹದಿನಾಲ್ಕು ಸಾಲುಗಳಿದ್ದವು. ಹದಿಮೂರು ಸಾಲು ಯಾರಿಗೂ ಅರ್ಥವಾಗುತ್ತಿರಲಿಲ್ಲ. ಎಲ್ಲರಿಗೂ ಅರ್ಥವಾದದ್ದು ಒಂಬತ್ತನೆಯದು ಒಂದೇ. ತಾಪತ್ರಯ ಹುಟ್ಟಿದ್ದು ಅಲ್ಲಿಂದಲೇ.

ಹಾಳೆ ಬರೆದವನು ಹಳೆಯ ವಿಮಾನಗಳ ವಸ್ತುಸಂಗ್ರಹಾಲಯದ ತಾತ್ಕಾಲಿಕ ಅನುವಾದಕ. ಹನ್ನೊಂದು ವರ್ಷದಿಂದ ತಾತ್ಕಾಲಿಕ. ಅಲ್ಲಿನವರು ಅವನನ್ನು 'ನಿಘಂಟು' ಎಂದು ಕರೆಯುತ್ತಿದ್ದರು. ಅವನು ಅದನ್ನು ಹೊಗಳಿಕೆ ಎಂದೇ ತಿಳಿದಿದ್ದ. ನಿಘಂಟಿನಲ್ಲಿ ಪದಗಳೆಲ್ಲ ಇರುತ್ತವೆ, ಬುದ್ಧಿ ಇರುವುದಿಲ್ಲ ಎಂಬುದು ಅವನಿಗೆ ಹೊಳೆದಿರಲಿಲ್ಲ. ಕುಡಿಯುವ ನೀರಿನ ನಲ್ಲಿಯ ಮೇಲೆ 'ಪೇಯಜಲ ವಿಮೋಚಕ' ಎಂದು ಫಲಕ ತಗುಲಿಸಿದವನು ಅವನೇ. ಬಾಯಾರಿ ಬಂದವರು ಅದನ್ನು ಓದಿ, ಯಾವುದೋ ಯುದ್ಧಸಾಮಗ್ರಿ ಇರಬೇಕೆಂದು ಮಕ್ಕಳನ್ನು ದೂರ ಎಳೆದುಕೊಳ್ಳುತ್ತಿದ್ದರು. ಅರ್ಥ ಮಾಡಿಕೊಳ್ಳುತ್ತ ಕೂತರೆ ಅನುವಾದ ಸಾಗುವುದಿಲ್ಲ ಎಂಬುದು ಅವನ ಸಿದ್ಧಾಂತ.

ಸಂಗ್ರಹಾಲಯಕ್ಕೆ ಹೊಸದಾಗಿ ಹಲಗೆಯ ಒಂದು ನಕಲಿ ವಿಮಾನ ಬಂದಿತ್ತು. ಹಿಂದಿನ ಕಾಲದ ಒಂಟಿ ಪ್ರೊಪೆಲ್ಲರಿನ ಯುದ್ಧವಿಮಾನದ್ದೇ ಗೂಡು, ಅದೇ ಕುರ್ಚಿ, ಅದೇ ಹಿಡಿಗಳು, ಮುಂದೆ ಗೋಡೆಯಗಲದ ಪರದೆ. ಒಳಗೆ ಕೂತು ಹಿಡಿ ತಳ್ಳಿದರೆ ಪರದೆಯ ಮೇಲೆ ರನ್‌ವೇ ಓಡುತ್ತದೆ. ಬಿದ್ದರೆ ಯಾರೂ ಸಾಯುವುದಿಲ್ಲ. ಸೈರನ್ ಕೂಗಿ, ಪರದೆಯ ತುಂಬ ಕೆಂಪಕ್ಷರದಲ್ಲಿ 'ತಮ್ಮ ಅಧಃಪತನವಾಗಿದೆ' ಎಂದು ಬರುತ್ತದೆ. ಅದೂ ಇವನದೇ ಅನುವಾದ. ಅದನ್ನು ಓಡಿಸುವ ಸೂಚನೆಗಳೇ ಆ ಹದಿನಾಲ್ಕು ಸಾಲಿನ ಹಾಳೆ.

ಬೆಳಿಗ್ಗೆ ಬರುತ್ತಲೇ ನಿರ್ದೇಶಕಿ ಕರೆದರು.

"ಸಾಯಂಕಾಲ ನಾಲ್ಕಕ್ಕೆ ನಮ್ಮ ಮಂಡಳಿ ಅಧ್ಯಕ್ಷರು ಉದ್ಘಾಟನೆಗೆ ಬರ್ತಾರೆ. ನಿಮ್ಮ ಹಾಳೆ ಓದ್ಕೊಂಡು ಯಾರು ಬೇಕಾದ್ರೂ ವಿಮಾನ ಏರಿಸಬಹುದು ಅಂತ ಹೇಳಿಬಿಟ್ಟಿದೀನಿ. ಏರಿಸಿ ತೋರಿಸೋರು ನೀವೇ."

"ನಾನಾ ಮೇಡಂ? ನನಗೆ ಸೈಕಲ್ಲೇ ಬರಲ್ಲ."

"ಓದೋಕೆ ಬರುತ್ತಲ್ಲ? ವಿಮಾನ ಮೇಲಕ್ಕೆ ಹೋದ್ರೆ ನಿಮ್ಮ ಕಾಯಂ ಆದೇಶಕ್ಕೆ ಅಲ್ಲೇ ಸಹಿ ಹಾಕಿಸ್ತೀನಿ. ಆದೇಶ ನೀವೇ ಬರೆದಿಡಿ, ನನಗೆ ಪುರುಸೊತ್ತಿಲ್ಲ. ಹೋಗ್ಲಿಲ್ವೋ, ನಿಮ್ಮ ಹಣೇಬರಹ."

ನಿಘಂಟಿಗೆ ಭಯವೂ ಆಸೆಯೂ ಒಟ್ಟಿಗೇ ಹುಟ್ಟಿದವು. ನೆಂಟರ ಮನೆಯಲ್ಲಿ ನಾಲ್ಕು ಜನ ಸೇರಿದಾಗಲೆಲ್ಲ ಅವನ ಹೆಂಡತಿಯ ತಮ್ಮ, "ಏನ್ ಭಾವ, ಇನ್ನೂ ತಾತ್ಕಾಲಿಕಾನಾ?" ಎಂದು ಗಟ್ಟಿಯಾಗಿ ಕೇಳುತ್ತಿದ್ದ. ಎಲ್ಲರೂ ನಗುತ್ತಿದ್ದರು. ವಾಪಸು ಬರುವಾಗ ದಾರಿಯುದ್ದಕ್ಕೂ ಹೆಂಡತಿ ಅವನಿಗಿಂತ ನಾಲ್ಕು ಹೆಜ್ಜೆ ಮುಂದೆಯೇ ನಡೆಯುತ್ತಿದ್ದಳು. ಅದು ಅವನಿಗೆ ನಿಜವಾಗಿ ನೋಯುತ್ತಿತ್ತು.

ಬುದ್ಧಿ ಇದ್ದವನು ಮೊದಲು ವಿಮಾನ ಕಲಿಯುತ್ತಿದ್ದ. ಇವನು ಮೊದಲು ಆದೇಶ ಬರೆದ. ಮೂರು ಸಲ ತಿದ್ದಿ, ದುಂಡಾಗಿ ಟೈಪು ಮಾಡಿ, ಮೇಡಂ ಮೇಜಿನ ಮೇಲಿಟ್ಟು, ಆಮೇಲೆ ಹಾಳೆ ಹಿಡಿದು ಗೂಡಿನೊಳಗೆ ಇಳಿದ.

ಮೊದಲ ಆಘಾತ ಅಲ್ಲೇ ಕಾದಿತ್ತು. ಮುಂದೆ ರಸ್ತೆಯೇ ಕಾಣಲಿಲ್ಲ. ಆ ಕಾಲದ ವಿಮಾನ ಬಾಲ ನೆಲಕ್ಕೂರಿ, ಬಡನೆಂಟರನ್ನು ಕಂಡ ಶ್ರೀಮಂತನ ಹಾಗೆ ಮೂತಿ ಮೇಲೆತ್ತಿಕೊಂಡು ನಿಲ್ಲುತ್ತದೆ. ಹಾಳೆ ನೋಡಿದ. 'ವೇಗೋದ್ದೀಪಕ ದಂಡವನ್ನು ಮುಂದೂಡಿರಿ.' ಬರೆದವನೇ ಸುತ್ತ ಹುಡುಕಿದ. ಅಂಥದ್ದೇನೂ ಸಿಗಲಿಲ್ಲ.

"ನಾಳೆಗೆ ಮುಂದೂಡೋದಾ ಸಾರ್?" ಬಲ್ಬು ಬದಲಾಯಿಸುತ್ತಿದ್ದ ಎಲೆಕ್ಟ್ರಿಷಿಯನ್ ಏಣಿಯ ಮೇಲಿಂದಲೇ ಕೇಳಿದ. "ನಿಮ್ಮ ಎಡಗೈ ಹತ್ರ ಇದೆಯಲ್ಲ, ಥ್ರಾಟಲ್ ಅಂತ, ಅದೇ ಇರ್ಬೇಕು. ತಳ್ಳಿ."

ತಳ್ಳಿದ. ಎಂಜಿನ್ ಗುಡುಗಿತು. ವಿಮಾನ ನೂರು ಮಾರು ನೆಟ್ಟಗೆ ಓಡಿ, ಎಡಕ್ಕೆ ಎಳೆಯತೊಡಗಿತು. ನಿಘಂಟು ಗಾಬರಿಯಿಂದ ಒಂಬತ್ತನೆಯ ಸಾಲಿಗೆ ಕಣ್ಣು ಹಾಯಿಸಿದ. 'ವಿಮಾನವು ಎಡಕ್ಕೆ ವಾಲಿದರೆ ಬಲ ಹಾಕಿರಿ.' ಸದ್ಯ, ಒಂದಾದರೂ ಅರ್ಥವಾಯಿತಲ್ಲ! ಹಲ್ಲು ಕಚ್ಚಿ, ಇದ್ದ ಬಲವನ್ನೆಲ್ಲ ಹಾಕಿ ಥ್ರಾಟಲನ್ನು ಕೊನೆಯವರೆಗೂ ಒತ್ತಿದ.

ಆ ವಿಮಾನಗಳ ಗುಣವೇ ಅದು. ಎಂಜಿನ್ನಿಗೆ ಎಷ್ಟು ಜೋರು ಕೊಡುತ್ತೀರೋ ಅಷ್ಟೂ ಎಡಕ್ಕೆ ಎಳೆಯುತ್ತದೆ. ರನ್‌ವೇ ಬಿಟ್ಟು, ಹುಲ್ಲು ದಾಟಿ, ಅದು ಪರದೆಯ ಮೇಲಿನ ಶೆಡ್ಡಿಗೆ ಹೋಗಿ ಅಪ್ಪಳಿಸಿತು. ಸೈರನ್ ಇಡೀ ಕಟ್ಟಡಕ್ಕೆ ಕೇಳಿಸಿತು. ತಮ್ಮ ಅಧಃಪತನವಾಗಿದೆ.

ಏಣಿಯಿಂದ ಇಳಿದ ಎಲೆಕ್ಟ್ರಿಷಿಯನ್ ಹಾಳೆ ಇಸಿದುಕೊಂಡು ಓದಿದ. "ಸರಿಯಾಗೇ ಬರೆದಿದೀರಿ. ನಿಮ್ಮ ಬಲ ಸಾಲ್ತಿಲ್ಲ, ಅಷ್ಟೇ. ಬರೀ ಪೆನ್ನು ಹಿಡಿದ ಕೈ ನೋಡಿ."

ಎರಡನೆಯ ಸಲ ಎರಡೂ ಕೈಯಿಂದ ಒತ್ತಿದ. ಶೆಡ್ಡು. ಮೂರನೆಯ ಸಲ ಉಸಿರು ಕಟ್ಟಿ ಒತ್ತಿದ. ಶೆಡ್ಡು. ಐದನೆಯ ಅಧಃಪತನದ ಹೊತ್ತಿಗೆ ಬಾಗಿಲ ಕಾವಲುಗಾರ ಬಾಗಿಲನ್ನು ದೇವರಿಗೆ ಬಿಟ್ಟು ಒಳಗೆ ಬಂದಿದ್ದ. ಪ್ರಾಯದಲ್ಲಿ ಕುಸ್ತಿ ಆಡಿದವನೆಂದು ಹೇಳಿಕೊಳ್ಳುವ ಆಸಾಮಿ. ಬಲದ ವಿಚಾರ ಬಂದರೆ ಅವನು ಸುಮ್ಮನಿರುವುದು ಸಾಧ್ಯವೇ?

"ಒಬ್ಬರ ಕೈಲಾಗೋ ಕೆಲಸವೇನ್ರೀ ಇದು? ಯುದ್ಧವಿಮಾನ! ನೀವು ಒಳಗಿಂದ ಹಾಕಿ, ನಾವು ಹೊರಗಿಂದ ಹಾಕ್ತೀವಿ."

ಆರನೆಯ ಸಲ ಪರದೆಯ ವಿಮಾನ ವಾಲತೊಡಗಿದಾಗ ಕಾವಲುಗಾರನೂ ಎಲೆಕ್ಟ್ರಿಷಿಯನ್ನೂ ಹಲಗೆಯ ವಿಮಾನಕ್ಕೆ ಎಡಗಡೆಯಿಂದ ಭುಜ ಕೊಟ್ಟು, "ಹೂಂ! ಇನ್ನೊಂದ್ಸಲ! ಹೂಂ!" ಎಂದು ತಳ್ಳಿದರು. ಗೂಡು ಅಲುಗಾಡಿತು, ನಿಘಂಟಿನ ತಲೆ ಗಾಜಿಗೆ ಬಡಿಯಿತು, ಪರದೆಯ ವಿಮಾನ ಎಂದಿನಂತೆ ಶೆಡ್ಡು ಸೇರಿತು. ಎದ್ದು ನೋಡಿದರೆ ಥ್ರಾಟಲಿನ ಹಿಡಿ ಕಿತ್ತು ಅವನ ಕೈಯಲ್ಲೇ ಇತ್ತು.

"ಬಲ ಸ್ವಲ್ಪ ಜಾಸ್ತಿ ಆಯ್ತು," ಎಂದ ಎಲೆಕ್ಟ್ರಿಷಿಯನ್, ಪರಿಣತನ ಗತ್ತಿನಲ್ಲಿ. ಕಪ್ಪು ಟೇಪು ತಂದು ಹಿಡಿಗೆ ಸುತ್ತುವಷ್ಟರಲ್ಲಿ ಗಂಟೆ ಮೂರಾಯಿತು. ಮಧ್ಯಾಹ್ನದ ಊಟವೂ ಹೋಯಿತು. ನಿಘಂಟಿಗೆ ಅಳು ಬರುವುದೊಂದು ಬಾಕಿ. "ಈ ಯಂತ್ರವೇ ಸರಿಯಿಲ್ಲ. ಎಡಭಾಗದಲ್ಲಿ ಏನೋ ದೋಷ ಇದೆ," ಎಂದು ಗೊಣಗಿದ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ.

ಆಗ ಟಿಕೆಟ್ ಕೊಡುವ ಅಕ್ಕ ಬಂದಳು. ಬೆಳಿಗ್ಗೆಯಿಂದ ಸೈರನ್ ಕೇಳಿ ಕೇಳಿ ಅವಳಿಗೆ ತಲೆ ಸಿಡಿಯುತ್ತಿತ್ತು. ಹಾಳೆಯನ್ನು ಕಿತ್ತುಕೊಂಡು ಒಮ್ಮೆ ಓದಿದಳು.

"ಅಲ್ರೀ, ಬಲ ಅಂದ್ರೆ ಬಲಗಡೆ ಅಲ್ವಾ? ವಿಮಾನ ಎಡಕ್ಕೆ ಹೋದ್ರೆ ಬಲಕ್ಕೆ ತಾನೇ ತಿರುಗಿಸ್ಬೇಕು? ಕಾಲ ಹತ್ರ ಎರಡು ಪೆಡಲ್ ಇವೆ, ಬಲಗಾಲಿಂದ ಒತ್ತಿ ನೋಡಿ. ಥ್ರಾಟಲ್ ನಿಧಾನಕ್ಕೆ ತಳ್ಳಿ, ಅದೇನು ಓಡಿಹೋಗುತ್ತಾ?"

ಮೂವರು ಗಂಡಸರೂ ಪೆಡಲನ್ನು ನೋಡಿದರು. ಬೆಳಿಗ್ಗೆಯಿಂದ ನಿಘಂಟು ಅದರ ಮೇಲೆ ತನ್ನ ಚೀಲ ಇಟ್ಟುಕೊಂಡಿದ್ದ.

"ಗೊತ್ತಿತ್ತು ಅಕ್ಕ," ಎಂದ ಅವನು, ಚೀಲ ಎತ್ತುತ್ತ. "ಮೂಲದಲ್ಲೂ ಹಾಗೇ ಇರೋದು. ನಾನು ಬೇಕಂತಲೇ ಸಂಕ್ಷಿಪ್ತವಾಗಿ ಬರೆದೆ." ಜಟ್ಟಿ ಜಾರಿ ಬಿದ್ದರೂ ಮೀಸೆ ಮಣ್ಣಾಗಲಿಲ್ಲ.

"ಹಾಗಾದ್ರೆ 'ಬಲಗಾಲು' ಅಂತ ತಿದ್ದಿಬಿಡಿ. ನಾಳೆ ಜನ ಬಂದು ಎಲ್ಲಾ ಕಿತ್ತು ಕೈಗೆ ಕೊಡ್ತಾರೆ."

"ಬೇಡ ಅಕ್ಕ, ಶೈಲಿ ಕೆಡುತ್ತೆ."

ಬಲಗಾಲು ಒತ್ತಿ, ಟೇಪು ಸುತ್ತಿದ ಹಿಡಿಯನ್ನು ಮೆಲ್ಲಗೆ ತಳ್ಳಿದ. ವಿಮಾನ ಎಡಕ್ಕೆ ಎಳೆಯಿತು, ಕಾಲಿಗೆ ಮಣಿದು ನೆಟ್ಟಗಾಯಿತು. ವೇಗ ಏರಿದಂತೆ ಬಾಲ ತಾನಾಗಿ ಎದ್ದಿತು, ಮೂತಿ ಇಳಿಯಿತು, ಇಡೀ ದಿನ ಕಾಣದಿದ್ದ ರಸ್ತೆ ಕಣ್ಣೆದುರು ಬಿಚ್ಚಿಕೊಂಡಿತು. ಅವನು ನಡುವಿನ ಕೋಲನ್ನು ಹಗುರಾಗಿ ಎಳೆದ. ಶೆಡ್ಡು ಕೆಳಗೆ ಉಳಿಯಿತು. ಮುಂದೆ ಬರೀ ಆಕಾಶ. ಅವನ ಕಣ್ಣು ತುಂಬಿ ಬಂತು. ಹನ್ನೊಂದು ವರ್ಷದಲ್ಲಿ ಅವನ ಬರವಣಿಗೆಯಿಂದ ಏನಾದರೊಂದು ನಡೆದದ್ದು ಅದೇ ಮೊದಲು, ಅದೂ ಇನ್ನೊಬ್ಬರು ಅರ್ಥ ಹೇಳಿದ ಮೇಲೆ.

ನಾಲ್ಕಕ್ಕೆ ಅಧ್ಯಕ್ಷರು ಬಂದರು, ಮಾಲೆ ಹಾಕಿಸಿಕೊಂಡರು, ರಿಬ್ಬನ್ ಕತ್ತರಿಸಿದರು. ನಿಘಂಟು ಗೂಡಿನಲ್ಲಿ ಕೂತು, ಹಾಳೆಯ ಸಾಲುಗಳನ್ನು ಗಟ್ಟಿಯಾಗಿ ಓದುತ್ತ ವಿಮಾನ ಓಡಿಸಿದ. ಒಂಬತ್ತನೆಯ ಸಾಲಿಗೆ ಕಾವಲುಗಾರ ಅಭ್ಯಾಸಬಲದಿಂದ ಭುಜ ಕೊಡಲು ಹೊರಟ. ಟಿಕೆಟ್ ಅಕ್ಕ ಅವನ ಅಂಗಿ ಹಿಡಿದೆಳೆದಳು. ಟೇಪು ಒಂದು ಸುತ್ತು ಬಿಚ್ಚಿತು, ಆದರೆ ಹಿಡಿ ಉಳಿಯಿತು. ವಿಮಾನ ಏರಿತು. ಚಪ್ಪಾಳೆ ಬಿತ್ತು.

"ಭೇಷ್!" ಎಂದರು ಅಧ್ಯಕ್ಷರು. ಮೇಡಂ ಆ ಗಳಿಗೆಗೇ ಕಾದಿದ್ದು ಆದೇಶವನ್ನು ಮುಂದೆ ಹಿಡಿದರು. ಓದದೆ ಸಹಿ ಹಾಕುವುದು ಅಧ್ಯಕ್ಷರಿಗೆ ರೂಢಿ, ಓದದೆ ಹಾಕಿಸುವುದು ಮೇಡಂಗೆ ರೂಢಿ. ಸಹಿ ಬಿತ್ತು, ಮೊಹರು ಬಿತ್ತು, ಅಧ್ಯಕ್ಷರ ಕಾರು ಹೊರಟಿತು.

ನಿಘಂಟಿಗೆ ನೆಲದ ಮೇಲೆ ಕಾಲು ನಿಲ್ಲಲಿಲ್ಲ. ಹೆಂಡತಿಗೆ ಫೋನು ಹಚ್ಚಿ, "ಕಾಯಂ ಆಯ್ತು ಕಣೇ! ಕೇಳಿಸ್ಕೋ, ನಿನ್ನ ತಮ್ಮನನ್ನೂ ಕರಿ," ಎಂದು ಹೇಳಿ, ಆದೇಶವನ್ನು ಟಿಕೆಟ್ ಅಕ್ಕನ ಕೈಗೆ ಕೊಟ್ಟ. "ಅಕ್ಕ, ಗಟ್ಟಿಯಾಗಿ ಓದಿ. ಪೂರ್ತಿ ಫೋನಿಗೆ ಕೇಳಿಸ್ಬೇಕು."

ಅಕ್ಕ ಓದಿದಳು. "ಹನ್ನೊಂದು ವರ್ಷಗಳ ಅವಿಚ್ಛಿನ್ನ ಸೇವೆಯನ್ನು ಪರಿಗಣಿಸಿ, ಸದರಿಯವರನ್ನು ತಾತ್ಕಾಲಿಕ ಅನುವಾದಕರ ಹುದ್ದೆಯಲ್ಲಿ, ನಿವೃತ್ತಿಯವರೆಗೆ ಯಾವುದೇ ಬದಲಾವಣೆಗೆ ಅವಕಾಶವಿಲ್ಲದಂತೆ, ಕಾಯಂಗೊಳಿಸಲಾಗಿದೆ."

ಅವಳು ನಿಲ್ಲಿಸಿದಳು. ಮತ್ತೊಮ್ಮೆ ಮನಸ್ಸಿನಲ್ಲೇ ಓದಿಕೊಂಡಳು.

"ಅಲ್ರೀ... ತಾತ್ಕಾಲಿಕ ಹುದ್ದೇಲಿ ಕಾಯಂ ಅಂದ್ರೆ, ನೀವು ಕಾಯಂ ಆಗಿ ತಾತ್ಕಾಲಿಕ ಅಂತ ತಾನೇ?"

ಫೋನಿನೊಳಗೆ ಹೆಂಡತಿಯ ತಮ್ಮ ನಗುವುದು ಎಲ್ಲರಿಗೂ ಕೇಳಿಸಿತು. ಮೇಡಂ ಆದೇಶವನ್ನು ಕಸಿದುಕೊಂಡು ನೋಡಿದರು. ಅವರ ಹುಬ್ಬು ಮೇಲೇರಿತು.

"ಒಂದೇ ಪದ ಮೇಡಂ," ನಿಘಂಟು ಜೇಬಿನಿಂದ ಪೆನ್ನು ತೆಗೆದ. "ಈಗಲೇ ತಿದ್ದಿಬಿಡ್ತೀನಿ."

"ಹೇಗ್ರೀ ತಿದ್ತೀರಿ?" ಎಂದರು ಮೇಡಂ. "ತಾತ್ಕಾಲಿಕ ಇದ್ದಾಗ ಆಗಿದ್ರೆ ತಿದ್ದಬಹುದಿತ್ತು. ಈಗ ಕಾಯಂ ಆಗಿದೆಯಲ್ಲ."